ಓದುಗರ ಪ್ರಶ್ನೆ: ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ರೇಡಿಯೊ

ಪ್ರಶ್ನೆ: 2025ರ ಜುಲೈ 4ರಂದು ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ ಜೊತೆ ಹ್ಯಾಮ್ ರೇಡಿಯೊದಲ್ಲಿ (ಹವ್ಯಾಸಿಗಳ ರೇಡಿಯೊ) ಮಾತಾಡಿದ್ದನ್ನು ಓದಿದೆ. ಇಂಥದ್ದನ್ನು ಮನೆಯಲ್ಲೇ ಕೇಳಲು ಏನೇನು ಬೇಕು?
— ಬಿ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನಿಲ್ದಾಣದ ಮಾತು ಇಳಿಯುವುದು 145.800 ಮೆಗಾಹರ್ಟ್ಸ್ ಎಫ್‌ಎಂನಲ್ಲಿ. ಮನೆಯ ಎಫ್‌ಎಂ ರೇಡಿಯೊ 108ಕ್ಕೇ ನಿಂತುಬಿಡುತ್ತದೆ, ಅದರಲ್ಲಿ ಸಿಗದು. ಲ್ಯಾಪ್‌ಟಾಪ್‌ಗೆ ಚುಚ್ಚುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಕೊಳ್ಳಿ. ಅದು ಬರೀ ರಿಸೀವರ್. ಕೈತಪ್ಪಿ ಟ್ರಾನ್ಸ್‌ಮಿಟ್ ಒತ್ತುವ ಭಯವಿಲ್ಲ.

ಡಾಂಗಲ್ ಜೊತೆ ಬರುವ ಪುಟ್ಟ ಆಂಟೆನಾ ಮನೆಯೊಳಗೆ ಇಟ್ಟರೆ ಕೆಲಸಕ್ಕೆ ಬಾರದು, ನೀವೇ ಒಂದು ಮಾಡಿಕೊಳ್ಳಿ. ಒಂದು ಎಸ್‌ಒ-239 ಕನೆಕ್ಟರ್ (ನಾಲ್ಕು ತೂತಿನ ಚೌಕದ್ದು), 2 ಮಿ.ಮೀ. ದಪ್ಪದ ತಾಮ್ರದ ತಂತಿ 3 ಮೀಟರ್, ನಾಲ್ಕು ಸಣ್ಣ ಬೋಲ್ಟು-ನಟ್ಟು ತನ್ನಿ. ನಡುವಿನ ಪಿನ್ನಿಗೆ 49 ಸೆಂ.ಮೀ. ತಂತಿಯನ್ನು ನೆಟ್ಟಗೆ ಬೆಸುಗೆ ಹಾಕಿ. ನಾಲ್ಕು ಮೂಲೆಗೂ 51 ಸೆಂ.ಮೀ.ನ ಒಂದೊಂದು ತಂತಿ ಬಿಗಿದು, ಕೆಳಕ್ಕೆ 45 ಡಿಗ್ರಿ ಬಗ್ಗಿಸಿ. ತಂತಿಯ ತುದಿ ಸುತ್ತಿ ಕುಣಿಕೆ ಮಾಡುವುದಕ್ಕೆ ಹೋಗುವ ಉದ್ದ ಈ ಲೆಕ್ಕಕ್ಕೆ ಸೇರಿಲ್ಲ. ಕೇಬಲ್ ಆರ್‌ಜಿ-58 ಆದರೆ 5 ಮೀಟರ್ ದಾಟಿಸಬೇಡಿ. 10 ಮೀಟರಿಗೆ ಸುಮಾರು 2 ಡೆಸಿಬೆಲ್, ಅಂದರೆ ಬಂದ ಸಿಗ್ನಲ್‌ನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು, ದಾರಿಯಲ್ಲೇ ಸೋರಿಹೋಗುತ್ತದೆ.

ಪಾಸ್, ಅಂದರೆ ನಿಲ್ದಾಣ ನಮ್ಮ ಆಗಸವನ್ನು ದಾಟಿಹೋಗುವ ಹೊತ್ತು, ಹೇಳುವ ಆ್ಯಪ್‌ನಲ್ಲಿ 30 ಡಿಗ್ರಿಗಿಂತ ಮೇಲೇರುವ ಪಾಸ್ ಆರಿಸಿ. ದಿಗಂತದಿಂದ ದಿಗಂತಕ್ಕೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಸಿಗ್ನಲ್ ದುರ್ಬಲವಾದಾಗ ಸದ್ದಡಗಿಸುವ ಸ್ಕ್ವೆಲ್ಚ್ ಪೂರ್ತಿ ತೆರೆದಿಡಿ. ಸದ್ದು ಕಿರಿಕಿರಿ ಎಂದು ಮುಚ್ಚಿಟ್ಟವರಿಗೆ ಪಾಸಿನ ಮೊದಲ ಮತ್ತು ಕೊನೆಯ ನಿಮಿಷಗಳು ಕೇಳಿಸುವುದೇ ಇಲ್ಲ. ಡಾಪ್ಲರ್‌ನಿಂದ (ನಿಲ್ದಾಣದ ವೇಗದಿಂದ ತರಂಗಾಂತರ ಬದಲಾಗುವುದು) ಸಿಗ್ನಲ್ ಆಚೀಚೆ ಮೂರೂವರೆ ಕಿಲೋಹರ್ಟ್ಸ್ ಸರಿಯುತ್ತದೆ. ಫಿಲ್ಟರ್ ಅಗಲ 20 ಕಿಲೋಹರ್ಟ್ಸ್ ಇದ್ದರೆ ಅದರ ಗೊಡವೆ ಬೇಡ.

ಶಾಲಾ ಮಕ್ಕಳು ರೇಡಿಯೊದಲ್ಲಿ ಗಗನಯಾತ್ರಿಗೆ ಪ್ರಶ್ನೆ ಕೇಳುವ ಕಾರ್ಯಕ್ರಮವಾದರೆ ನಿಮಗೆ ಕೇಳುವುದು ಗಗನಯಾತ್ರಿಯ ಉತ್ತರ ಮಾತ್ರ. ಮಕ್ಕಳ ಪ್ರಶ್ನೆ ಬೇರೆ ತರಂಗಾಂತರದಲ್ಲಿ ಮೇಲೇರುತ್ತದೆ. ಟೆಲಿಬ್ರಿಡ್ಜ್ ಎಂದಿದ್ದರೆ ರೇಡಿಯೊ ಕೊಂಡಿ ಬೇರೆ ದೇಶದ ನೆಲೆಯಲ್ಲಿರುತ್ತದೆ, ಅಲ್ಲಿಂದ ಶಾಲೆಗೆ ಫೋನು. ಆಗ ಶಿವಮೊಗ್ಗದಲ್ಲಿ ಕಾದು ಕೂತರೂ ಬರೀ ಗೊರಗೊರ.

ಪ್ರಶ್ನೆ: ಲೈಸೆನ್ಸ್ ಇದೆ. 5 ವ್ಯಾಟ್ ಹ್ಯಾಂಡ್‌ಹೆಲ್ಡ್‌ನಲ್ಲಿ ನಿಲ್ದಾಣದ ರಿಪೀಟರ್‌ಗೆ (ಕೇಳಿದ ದನಿಯನ್ನು ಬೇರೆ ತರಂಗಾಂತರದಲ್ಲಿ ಮತ್ತೆ ಬಿತ್ತರಿಸುವ ಯಂತ್ರ) ಎಷ್ಟು ಕರೆದರೂ ಯಾರೂ ಓಗೊಡುವುದಿಲ್ಲ. ಪವರ್ ಹೆಚ್ಚಿಸಲೇ?
— ಹುಬ್ಬಳ್ಳಿ

ಉತ್ತರ: ಬೇಡ. ಬಹುಮಟ್ಟಿಗೆ ಬೇರೆ ಹ್ಯಾಮ್‌ಗಳು ಓಗೊಡುತ್ತಿದ್ದಾರೆ, ನಿಮಗೆ ಕೇಳಿಸುತ್ತಿಲ್ಲ. ಹ್ಯಾಮ್‌ಗಳು ಇಂಥ ಸ್ಟೇಷನ್ನನ್ನು ಆಲಿಗೇಟರ್ ಅಂತ ಆಡಿಕೊಳ್ಳುತ್ತಾರೆ: ಬಾಯಿ ದೊಡ್ಡದು, ಕಿವಿ ಚಿಕ್ಕದು.

ನಿಮ್ಮಿಂದ ಮೇಲಕ್ಕೆ 145.990 ಮೆಗಾಹರ್ಟ್ಸ್, ಜೊತೆಗೆ ದನಿಯ ಅಡಿಯಲ್ಲಿ ಸಾಗುವ 67 ಹರ್ಟ್ಸ್ ಟೋನ್. ಟೋನ್ ಇಲ್ಲದಿದ್ದರೆ ರಿಪೀಟರ್ ಏಳುವುದೇ ಇಲ್ಲ. ಅಲ್ಲಿಂದ ಕೆಳಕ್ಕೆ (ಡೌನ್‌ಲಿಂಕ್) 437.800, ಇಲ್ಲಿ ಡಾಪ್ಲರ್ ಆಚೀಚೆ ಸುಮಾರು 10 ಕಿಲೋಹರ್ಟ್ಸ್. ಐದು ಮೆಮೊರಿ ಮಾಡಿಕೊಳ್ಳಿ: ರಿಸೀವ್ 437.810, .805, .800, .795, .790. ಐದರಲ್ಲೂ ಟ್ರಾನ್ಸ್‌ಮಿಟ್ 145.990 ಇರಲಿ. ನಿಲ್ದಾಣ ಮೂಡುವಾಗ .810ರಿಂದ ಶುರುಮಾಡಿ; ನೆತ್ತಿಗೆ ಬಂದಾಗ ಬೇಗಬೇಗ ಇಳಿಸಬೇಕು. ಸೆಟ್ಟಿನ ಗಿಡ್ಡ ರಬ್ಬರ್ ಡಕ್ ಆಂಟೆನಾ ತೆಗೆದು, ಒಂದೇ ದಿಕ್ಕಿಗೆ ಗುರಿಯಿಡುವ, ಕೈಯಲ್ಲಿ ಹಿಡಿಯುವ ಯಾಗಿ ಆಂಟೆನಾ ಹಾಕಿ. ಸಿಗ್ನಲ್ ಕುಸಿದರೆ ಯಾಗಿಯನ್ನು ಅದರ ಅಚ್ಚಿನ ಮೇಲೆ ಕಾಲು ಸುತ್ತು ತಿರುಗಿಸಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಮತ್ತೆ ಏಳುತ್ತದೆ.

ನಿಮ್ಮದೇ ದನಿ ಇಳಿದು ಬರುವುದನ್ನು ಕೇಳಬೇಕಾದರೆ ಎರಡನೇ ರಿಸೀವರ್ ಮತ್ತು ಹೆಡ್‌ಫೋನ್ ಬೇಕು. ಇಲ್ಲೊಂದು ತೊಡಕಿದೆ. 145.990ರ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ತರಂಗಾಂತರದಲ್ಲಿ ಸೋರುವ ಸಿಗ್ನಲ್) 437.970, ಅಂದರೆ ಡೌನ್‌ಲಿಂಕ್‌ನ ಪಕ್ಕದ ಮನೆ. ಅಗ್ಗದ ಸೆಟ್ಟುಗಳಲ್ಲಿ ಮಾತಾಡಲು ಪಿಟಿಟಿ ಗುಂಡಿ ಒತ್ತಿದ ಕೂಡಲೇ ರಿಸೀವರ್ ಕಿವುಡಾಗುತ್ತದೆ. ಟ್ರಾನ್ಸ್‌ಮಿಟರ್ ಬದಿಗೆ ಮೇಲಿನ ತರಂಗಾಂತರಗಳನ್ನು ತಡೆಯುವ ಲೋ-ಪಾಸ್ ಫಿಲ್ಟರ್ ಹಾಕಿ, ಎರಡು ಆಂಟೆನಾಗಳನ್ನು ದೂರವಿಡಿ.

ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿರುವುದರಿಂದ ಅದಕ್ಕೆ ಸುತ್ತಲೂ 2,200 ಕಿ.ಮೀ. ಕಾಣುತ್ತದೆ. ಅಷ್ಟೂ ಜನಕ್ಕೆ ಇರುವುದು ಒಂದೇ ಚಾನೆಲ್. ಎಫ್‌ಎಂನಲ್ಲಿ ಬಲವಾದ ಸಿಗ್ನಲ್ ದುರ್ಬಲವಾದದ್ದನ್ನು ನುಂಗಿಹಾಕುತ್ತದೆ. ನೀವು 50 ವ್ಯಾಟ್‌ಗೆ ಏರಿದರೆ 5 ವ್ಯಾಟ್‌ನವರೆಲ್ಲ ಅಳಿಸಿಹೋಗುತ್ತಾರೆ, ನಿಮ್ಮ ಕಿವಿ ಮಾತ್ರ ಇದ್ದಷ್ಟೇ ಇರುತ್ತದೆ. ಕಾಲ್‌ಸೈನ್ (ಲೈಸೆನ್ಸಿನ ಗುರುತು) ಮತ್ತು ಗ್ರಿಡ್ (ನೀವಿರುವ ಜಾಗದ ಸಂಕೇತ) ಹೇಳಿ ಬಿಟ್ಟುಬಿಡಿ. ಹುಬ್ಬಳ್ಳಿ ಎಂಕೆ75, ಬೆಂಗಳೂರು ಎಂಕೆ82, ಮಂಗಳೂರು ಎಂಕೆ72. ಒಬ್ಬರಿಗೆ ಹತ್ತು-ಹದಿನೈದು ಸೆಕೆಂಡು ಸಾಕು. ಹವಾಮಾನ, ಸೆಟ್ಟಿನ ಮಾಡೆಲ್, ಊಟವಾಯಿತಾ ಎಲ್ಲ ಊರಿನ ರಿಪೀಟರ್‌ಗೆ ಇರಲಿ.

ಪ್ರಶ್ನೆ: ಕಾಲ್‌ಸೈನ್ ಹೇಳದೆ 'ಹಲೋ ಹಲೋ' ಎನ್ನುತ್ತಾ ಪಾಸ್ ಕೆಡಿಸುವವರನ್ನು ಅಲ್ಲೇ ಗದರಿಸಿದರೆ ತಪ್ಪೇ?
— ಮಂಗಳೂರು

ಉತ್ತರ: ತಪ್ಪೇ. ನಿಮ್ಮ ಗದರಿಕೆಯೂ ಅದೇ ಚಾನೆಲ್ ತಿನ್ನುತ್ತದೆ. ಅವನು ಹದಿನೈದು ಸೆಕೆಂಡು ಕೆಡಿಸಿದರೆ, ನೀವಿಬ್ಬರೂ ಸೇರಿ ಪಾಸ್ ಪೂರ್ತಿ ಕೆಡಿಸುತ್ತೀರಿ. ಜೊತೆಗೆ, 'ಹಲೋ' ಅನ್ನುವವನಿಗೆ ಡೌನ್‌ಲಿಂಕ್ ಕೇಳಿಸುತ್ತಲೇ ಇರಲಿಕ್ಕಿಲ್ಲ. ನಿಮ್ಮ ಬೈಗುಳ ಉಳಿದವರ ಕಿವಿಗಷ್ಟೇ ಬೀಳುತ್ತದೆ. 1928ರಲ್ಲಿ ಅಮೆರಿಕದ ಪಾಲ್ ಸೀಗಲ್ ಬರೆದ ಹ್ಯಾಮ್ ಸಂಹಿತೆಯ ಮೊದಲ ಅಂಶವೇ ಬೇರೆಯವರ ಸಂತೋಷ ಕಡಿಮೆಯಾಗುವಂತೆ ನಡೆದುಕೊಳ್ಳಬಾರದು ಎಂಬುದು. ಗದರಿಸುವವರೂ ಅದನ್ನು ಓದಬೇಕು.

ಕಾಲ್‌ಸೈನ್ ಸಿಕ್ಕಿದ್ದರೆ ಪಾಸ್ ಮುಗಿದ ಮೇಲೆ ಖಾಸಗಿಯಾಗಿ ಎರಡು ಸಾಲು ಬರೆಯಿರಿ: 'ನಿಮ್ಮ ಸಿಗ್ನಲ್ ಚೆನ್ನಾಗಿ ಬಂತು. 437.810ರಿಂದ ಕೇಳಲು ಶುರುಮಾಡಿ ನೋಡಿ.' ತಪ್ಪೆಂದು ಹೇಳಬೇಕಿಲ್ಲ, ಪರಿಹಾರ ಹೇಳಿದರಾಯಿತು. ಬೇಕೆಂದೇ ಮತ್ತೆ ಮತ್ತೆ ಕೆಡಿಸುವವರಾದರೆ ಸಮಯ, ತರಂಗಾಂತರ, ಧ್ವನಿಮುದ್ರಣ ಇಟ್ಟುಕೊಂಡು ಕ್ಲಬ್ಬಿನ ಮೂಲಕ ದೂರು ಕೊಡಿ.

ಪ್ರಶ್ನೆ: ಗಗನಯಾತ್ರಿಯೇ ಕರೆದರೆ ಉತ್ತರಿಸಬಹುದೇ?
— ಮೈಸೂರು

ಉತ್ತರ: ಲೈಸೆನ್ಸ್ ಇದ್ದು, ಅವರು ಎಲ್ಲರನ್ನೂ ಉದ್ದೇಶಿಸಿ ಕರೆದಿದ್ದರೆ ಖಂಡಿತ. ಕೇಳುವುದು 145.800ರಲ್ಲಿ, ನಮ್ಮ ವಲಯದವರು ಉತ್ತರಿಸುವುದು 144.490ರಲ್ಲಿ. 145.200 ಯುರೋಪ್-ಆಫ್ರಿಕಾದವರಿಗೆ. 145.800ರ ಮೇಲೇ ಕೂಗಿದರೆ ನಿಲ್ದಾಣಕ್ಕೆ ಕೇಳದು, ಸುತ್ತಮುತ್ತ ಕೇಳುತ್ತಿರುವವರ ಕಿವಿ ಮಾತ್ರ ಹಾಳು. ಅತ್ತಲಿಂದ ಒಂದರ ಹಿಂದೊಂದು ಪ್ರಶ್ನೆಗೆ ಉತ್ತರ ಬರುತ್ತಿದ್ದರೆ ಅದು ಶಾಲೆಯ ಕಾರ್ಯಕ್ರಮ, ಮೈಕ್ ಕೆಳಗಿಡಿ. ಗಗನಯಾತ್ರಿಗಳ ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ನಡೆಯುತ್ತದೆ, ನಮ್ಮ ಸಮಯಕ್ಕೆ ಬೆಳಗಿನ ಜಾವ ಸುಮಾರು 3ರಿಂದ 11.30ರವರೆಗೆ ಅವರಿಗೆ ನಿದ್ದೆಯ ಹೊತ್ತು. ಆ ಹೊತ್ತಿನ ಪಾಸ್‌ಗಳನ್ನು ರಿಪೀಟರ್‌ಗೆ ಇಟ್ಟುಕೊಳ್ಳಿ.