ಪ್ರಾಡಕ್ಟ್ ಡಿಸೈನ್: ಕಲೆಯೋ, ಇಂಜಿನಿಯರಿಂಗೋ?

ಪ್ರಶ್ನೆ: ಪಿಯುಸಿ ಸೈನ್ಸ್ ಮುಗಿಸಿದ ಮಗಳು ಪ್ರಾಡಕ್ಟ್ ಡಿಸೈನ್ ಓದುತ್ತೇನೆ ಎನ್ನುತ್ತಾಳೆ. ಅದು ಚಿತ್ರಕಲೆಯಂಥದ್ದೋ, ಇಂಜಿನಿಯರಿಂಗೋ?
– ಓದುಗರು, ಕಾರವಾರ

ಉತ್ತರ: ಇಂಜಿನಿಯರಿಂಗಿನ ಕಡೆಗೇ ತುಸು ಹೆಚ್ಚು ವಾಲುತ್ತದೆ ಎಂದು ನಮ್ಮ ಎಣಿಕೆ. ಕೈಯಲ್ಲಿ ತಿರುಗಿಸುವ ಕಾಯಿ ತುರಿಯುವ ಯಂತ್ರವನ್ನೇ ನೋಡಿ. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ತುಂಬಿ ಮಾಡುವ ಅದರ ಹಿಡಿಕೆ ಒಳಗೆ ಪೊಳ್ಳು. ಗೋಡೆ ಎಲ್ಲ ಕಡೆ 2–3 ಮಿ.ಮೀ. ಸಮನಾಗಿರಬೇಕು. ಚಂದಕ್ಕೆಂದು ಒಂದೆಡೆ ದಪ್ಪ ಮಾಡಿದರೆ ಆ ಜಾಗ ತಡವಾಗಿ ತಣಿದು, ಕುಗ್ಗಿ, ಮೇಲೆ ಗುಳಿ ಬೀಳುತ್ತದೆ. ಬದಿಗೆ 1–2 ಡಿಗ್ರಿ ಓರೆ ಕೊಡದಿದ್ದರೆ ಅಚ್ಚಿನಿಂದ ಬಿಡಿಸುವಾಗ ಗೀರು ಖಂಡಿತ. ಇನ್ನು ನಿಮ್ಮೂರಿನ ಉಪ್ಪುಗಾಳಿ: 304 ಎಂಬ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಮೇಲೂ ಕಂದು ಚುಕ್ಕೆ ಏಳುತ್ತದೆ. ಶೇ. 2ರಷ್ಟು ಮಾಲಿಬ್ಡಿನಂ ಲೋಹ ಇರುವ 316 ದರ್ಜೆ ಚೆನ್ನಾಗಿ ತಾಳುತ್ತದೆ, ಆದರೆ ದುಬಾರಿ.

ಹಾಗಾದರೆ ಕಲೆ ಎಲ್ಲಿ? ಎಲ್ಲಿ ಹಿಡಿಯಬೇಕು, ಎತ್ತ ತಿರುಗಿಸಬೇಕು ಎಂಬುದು ಕಂಡ ಕೂಡಲೇ ತಿಳಿಯುವ ಆಕಾರದಲ್ಲಿ. ಅದಕ್ಕೆ ಸೂತ್ರವಿಲ್ಲ, ಹತ್ತಾರು ಸ್ಕೆಚ್, ರಟ್ಟಿನ ಮಾದರಿ, ಅಡುಗೆಮನೆಯಲ್ಲಿ ಪರೀಕ್ಷೆ.

ಐಐಟಿಗಳ ಬಿ.ಡಿಸ್. (ಬ್ಯಾಚುಲರ್ ಆಫ್ ಡಿಸೈನ್) ಪದವಿಗೆ ಯುಸೀಡ್ ಎಂಬ ಪ್ರವೇಶ ಪರೀಕ್ಷೆಯಿದೆ. ಅದರಲ್ಲಿ ಚಿತ್ರ ಬಿಡಿಸುವುದೂ ಉಂಟು. ಈಗಿನಿಂದಲೇ ಮನೆಯ ಈಳಿಗೆಮಣೆ, ಚೊಂಬುಗಳನ್ನು ಅಳತೆ ಸಹಿತ ಬರೆಯಲಿ.