ಎಂಟು ನೂರು ನಿಂತೀತೆಂದು ಎಂಟು ಸಾವಿರ ಬಿಡುವುದೇ?

ಶಿಡ್ಲಘಟ್ಟದ ಬಳಿಯ ಹಳ್ಳಿಯಿಂದ ಓದುಗರೊಬ್ಬರು ಬರೆದ ಪತ್ರದ ಸಾರಾಂಶ: ಬಾಲ್ಯದಲ್ಲೇ ಪೋಲಿಯೊದಿಂದ ಎಡಗಾಲು ಸೋತಿದೆ. ಪ್ರಮಾಣಪತ್ರದಲ್ಲಿ ಅಂಗವಿಕಲತೆ ಶೇ 60 ಎಂದಿದೆ. ಪತಿ ತೀರಿಕೊಂಡ ಮೇಲೆ ತಿಂಗಳಿಗೆ 800 ರೂಪಾಯಿ ವಿಧವಾ ವೇತನ ಬರುತ್ತಿದೆ. ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದ ಕೆಲಸವನ್ನು ಕಾಲುನೋವಿನಿಂದ ಬಿಟ್ಟರು. ಬಹಳ ಕಡೆ ಕೇಳಿ ಸೋತ ಮೇಲೆ ಈಗ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಕರೆದಿದ್ದಾರೆ, ಸಂಬಳ 8,000. ‘ಕೆಲಸಕ್ಕೆ ಸೇರಿದರೆ ವೇತನ, ಗೃಹಲಕ್ಷ್ಮಿ, ರೇಷನ್ ಕಾರ್ಡ್ ಎಲ್ಲವೂ ಹೋಗುತ್ತವೆ ಎಂದು ಅಕ್ಕಪಕ್ಕದವರು ಹೆದರಿಸುತ್ತಿದ್ದಾರೆ. ವಿಧವಾ ವೇತನ ಬಿಟ್ಟು ಅಂಗವಿಕಲ ವೇತನಕ್ಕೆ ಅರ್ಜಿ ಹಾಕು, ದುಡ್ಡು ಕೊಟ್ಟರೆ ಶೇ 75 ಮಾಡಿಸಿಕೊಡುತ್ತೇನೆ ಎಂದು ಒಬ್ಬ ಮಧ್ಯವರ್ತಿ ಹೇಳುತ್ತಿದ್ದಾನೆ. ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ. ನಾನು ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ?’

ಸೋದರಿ,

ನಿಮ್ಮ ಅಕ್ಕಪಕ್ಕದವರು ಮೂರು ಬೇರೆ ಬೇರೆ ಸವಲತ್ತುಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಹೆದರಿಸಿದ್ದಾರೆ. ಆ ಗಂಟನ್ನು ಮೊದಲು ಬಿಚ್ಚೋಣ.

ವಿಧವಾ ವೇತನಕ್ಕೂ ಅಂಗವಿಕಲ ವೇತನಕ್ಕೂ ಕುಟುಂಬದ ವಾರ್ಷಿಕ ಆದಾಯದ ಮಿತಿ 32,000 ರೂಪಾಯಿ. ತಿಂಗಳಿಗೆ ಭಾಗಿಸಿದರೆ 2,700 ರೂಪಾಯಿಯೂ ಆಗುವುದಿಲ್ಲ. ನಿಮಗೆ ಸಿಗಲಿರುವ ಸಂಬಳ ವರ್ಷಕ್ಕೆ 96,000. ಅಂದರೆ ನೀವು ಹೆದರಿದ್ದು ಇಷ್ಟರಮಟ್ಟಿಗೆ ನಿಜ: ವೇತನದ ಅರ್ಹತೆ ತಪ್ಪುತ್ತದೆ. ಆದರೆ ಬಿಪಿಎಲ್ ಕಾರ್ಡಿನ ಮಿತಿ ಬೇರೆ, ಅದು 1.2 ಲಕ್ಷ. ನೀವು ಅದರ ಒಳಗೇ ಇರುತ್ತೀರಿ. ಇನ್ನು ಗೃಹಲಕ್ಷ್ಮಿಯ 2,000 ರೂಪಾಯಿ ತಪ್ಪುವುದು ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವ ಮನೆಗಳಿಗೆ. ಎಂಟು ಸಾವಿರ ಸಂಬಳದವರಿಗೆ ಆ ಭಾಗ್ಯ ಎಲ್ಲಿಂದ ಬರಬೇಕು? ಹೀಗಾಗಿ ತಕ್ಕಡಿಯಲ್ಲಿ ಇರುವುದು ಒಂದು ಕಡೆ 800, ಇನ್ನೊಂದು ಕಡೆ 8,000. ಕೆಲಸಕ್ಕೆ ಹೋಗಿ ಎಂಬುದೇ ನನ್ನ ಉತ್ತರ.

ಇಷ್ಟು ಸಲೀಸಾಗಿ ಬರೆದುಬಿಟ್ಟರೆ ನಿಮ್ಮ ಭಯಕ್ಕೆ ಅನ್ಯಾಯವಾಗುತ್ತದೆ. 800 ಚಿಕ್ಕದಾದರೂ ತಿಂಗಳು ತಿಂಗಳು ಬರುವ ಹಣ. ಅಂಗಡಿಯ ಕೆಲಸ ಮಾಲೀಕರ ಮನಸ್ಸಿನ ಮೇಲೆ, ವ್ಯಾಪಾರದ ಮೇಲೆ ನಿಂತಿರುತ್ತದೆ. ಆರು ತಿಂಗಳಿಗೆ ‘ಇನ್ನು ಬರಬೇಡಿ’ ಎಂದರೆ ಮತ್ತೆ ಆದಾಯ ಪ್ರಮಾಣಪತ್ರ, ನಾಡಕಚೇರಿಯ ಅರ್ಜಿ, ಗ್ರಾಮ ಆಡಳಿತಾಧಿಕಾರಿಯ ವರದಿ, ತಹಶೀಲ್ದಾರರ ಮಂಜೂರಾತಿ, ಎಲ್ಲವೂ ಮೊದಲಿನಿಂದ. ದುಡಿಯಲು ಹೊರಟವರಿಗೆ ಒಂದು ವರ್ಷವಾದರೂ ವೇತನ ಮುಂದುವರಿಸಿ, ಕೆಲಸ ನಿಂತರೆ ನೋಡೋಣ ಎನ್ನುವ ವ್ಯವಸ್ಥೆ ಬೇಕಿತ್ತು. ತಿಂಗಳಿಗೆ ಮೂರು ಸಾವಿರ ದುಡಿದವರನ್ನೂ ಸ್ಥಿತಿವಂತರೆಂದು ಲೆಕ್ಕ ಹಾಕುವ ಮಿತಿಯನ್ನಿಟ್ಟುಕೊಂಡು ಸ್ವಾವಲಂಬನೆಯ ಭಾಷಣ ಮಾಡುವುದು ನನಗೆ ಒಗ್ಗುವುದಿಲ್ಲ. ಹಾಗೆಂದು ಸಂಬಳವನ್ನು ಮುಚ್ಚಿಟ್ಟು ಎರಡನ್ನೂ ಪಡೆಯಿರಿ ಎಂದು ನಾನು ಬರೆಯಲಾರೆ. ಸಿಕ್ಕಿಬಿದ್ದರೆ ಹಣ ಹಿಂದಿರುಗಿಸಬೇಕಾದವರು ನೀವು, ಪತ್ರಿಕೆಯವರಲ್ಲ.

ಎಂಟು ಸಾವಿರ ಎಂಬ ಮೊತ್ತದ ಬಗ್ಗೆಯೂ ಒಂದು ಮಾತು. ಪೂರ್ತಿ ದಿನದ ಕೆಲಸಕ್ಕೆ ಇದು ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆ. ಕಾಲು ಸರಿಯಿಲ್ಲ ಎಂಬ ಕಾರಣಕ್ಕೆ ಲೆಕ್ಕ ಬರೆಯುವ ಕೈಗೆ ಕಡಿಮೆ ಕೊಡುವುದು ಉಪಕಾರವಲ್ಲ. ಅರ್ಧ ದಿನದ ಕೆಲಸವೋ ಇಡೀ ದಿನದ್ದೋ ಎಂದು ಕೇಳಿ ತಿಳಿಯಿರಿ. ಮುಂದೆ ಸಂಬಳ ಹತ್ತು ಸಾವಿರ ದಾಟಿದರೆ ವರ್ಷಕ್ಕೆ 1.2 ಲಕ್ಷದ ಗೆರೆಯೂ ದಾಟುತ್ತದೆ, ಆಗ ರೇಷನ್ ಕಾರ್ಡಿನ ಪ್ರಶ್ನೆ ನಿಜವಾಗಿಯೂ ಏಳುತ್ತದೆ. ಅಂಗಡಿಯಲ್ಲಿ ಹತ್ತು ಮಂದಿ ಅಥವಾ ಹೆಚ್ಚು ಕೆಲಸಗಾರರಿದ್ದರೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಮಾಡಿಸಿಕೊಡಿ ಎಂದು ಸಂಕೋಚವಿಲ್ಲದೆ ಕೇಳಿ. ನಿಮ್ಮ ಪಾಲು ಸಂಬಳದ ಶೇ 0.75, ಅಂದರೆ 60 ರೂಪಾಯಿ. ಮಾಲೀಕರ ಪಾಲು ಶೇ 3.25. ನಿಮಗೂ ಮಗಳಿಗೂ ಆಸ್ಪತ್ರೆಯ ಖರ್ಚು ಉಳಿಯುತ್ತದೆ. ಒಂದು ಜ್ವರದ ವಾರದಲ್ಲಿ 800 ಎಷ್ಟು ಬೇಗ ಕರಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಇನ್ನು ವೇತನ ಬದಲಿಸುವ ಮಾತು. ಕೆಲಸಕ್ಕೆ ಸೇರಿದರೆ ಈ ಪ್ರಶ್ನೆಯೇ ಏಳುವುದಿಲ್ಲ, ಸೇರದಿದ್ದರೆ ಮಾತ್ರ ಇದು ಅನ್ವಯ. ಈ ಮಾಸಾಶನಗಳಲ್ಲಿ ಒಬ್ಬರಿಗೆ ಒಂದೇ. ಅಂಗವಿಕಲತೆ ಶೇ 40ರಿಂದ 74ರವರೆಗೆ ಇದ್ದರೆ 800, ಶೇ 75 ಮತ್ತು ಅದಕ್ಕಿಂತ ಹೆಚ್ಚಿದ್ದರೆ 1,400. ನಿಮ್ಮ ಶೇ 60ಕ್ಕೆ ಎರಡರಲ್ಲೂ ಅಷ್ಟೇ ಹಣ, ನಡುವೆ ಕೆಲವು ತಿಂಗಳು ಏನೂ ಬಾರದಿರುವ ಅಪಾಯ ಮಾತ್ರ ಹೆಚ್ಚಿಗೆ. ಒಂದೇ ವ್ಯತ್ಯಾಸ: ಮರುಮದುವೆಯಾದರೆ ವಿಧವಾ ವೇತನ ನಿಲ್ಲುತ್ತದೆ, ಅಂಗವಿಕಲ ವೇತನ ಅದನ್ನು ಕೇಳುವುದಿಲ್ಲ. ಆ ಯೋಚನೆ ಇದ್ದರೆ ಬದಲಿಸುವುದರಲ್ಲಿ ಅರ್ಥವಿದೆ. ಇಲ್ಲದಿದ್ದರೆ ಕೈಯಲ್ಲಿರುವುದನ್ನು ಬಿಡಬೇಡಿ.

ಮಧ್ಯವರ್ತಿಯನ್ನು ಮಾತ್ರ ಹೊಸ್ತಿಲು ಹತ್ತಿಸಬೇಡಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ, ಸುಳ್ಳು ದಾಖಲೆಯಿಂದ ಸವಲತ್ತು ಪಡೆದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಎಂದಿದೆ. ಮೊದಲು ಸಿಕ್ಕಿಬೀಳುವುದು ಅವನಲ್ಲ, ನೀವು. ಕಾಲಿನ ನೋವು ನಿಜವಾಗಿ ಹೆಚ್ಚಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮರುತಪಾಸಣೆ ಕೇಳುವುದು ನಿಮ್ಮ ಹಕ್ಕು, ಅದಕ್ಕೆ ಯಾರಿಗೂ ಲಂಚ ಕೊಡಬೇಕಿಲ್ಲ.

ಪತ್ರದಲ್ಲಿ ಯುಡಿಐಡಿ ಕಾರ್ಡಿನ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ವಿಶಿಷ್ಟ ಗುರುತಿನ ಚೀಟಿಯ, ಪ್ರಸ್ತಾಪವೇ ಇಲ್ಲ. ವೇತನ ಯಾವುದೇ ಇರಲಿ, ನಿಂತೇ ಹೋಗಲಿ, ಆ ಕಾರ್ಡ್ ನಿಮ್ಮದು. ಸರ್ಕಾರಿ ನೇಮಕಾತಿಯಲ್ಲಿ ಕನಿಷ್ಠ ಶೇ 4ರ ಮೀಸಲಾತಿಗೆ ಅಂಗವಿಕಲತೆಯ ಅಧಿಕೃತ ದಾಖಲೆಯೇ ಆಧಾರ. ಅದಕ್ಕೆ ಶೇ 40 ಸಾಕು. ಕಾರ್ಡ್ ಮಾಡಿಸಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. ಆ ಹುದ್ದೆಯಲ್ಲಿ ಇರುವವರೂ ಅಂಗವಿಕಲರೇ ಆಗಿರುತ್ತಾರೆ. ನಿಮ್ಮ ಪಂಚಾಯಿತಿಯಲ್ಲಿ ಅದು ಖಾಲಿ ಇದ್ದರೆ ನೀವೇ ಅರ್ಜಿ ಹಾಕಬಾರದೇಕೆ? ಪೇಟೆಗೆ ಹೋಗಿಬರುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ: ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ, ನಿಮ್ಮೂರಿಗೆ ಖಾಸಗಿ ಬಸ್ಸೇ ಹೆಚ್ಚಾದರೆ ಸಂಬಳದಲ್ಲಿ ಅಷ್ಟು ಕಳೆಯಬೇಕು.

ಕೆಲಸಕ್ಕೆ ಒಪ್ಪುವ ಮೊದಲು ಅಂಗಡಿಯನ್ನು ಒಮ್ಮೆ ಹೋಗಿ ನೋಡಿ: ಲೆಕ್ಕದ ಮೇಜು ನೆಲಮಹಡಿಯಲ್ಲಿದೆಯೇ, ಶೌಚಾಲಯಕ್ಕೆ ಮೆಟ್ಟಿಲು ಹತ್ತಬೇಕೇ ಎಂದು. ಮಾಲೀಕರಿಗೆ ಬೇಗ ಉತ್ತರ ಹೇಳಬೇಕೆಂದು ಬರೆದಿದ್ದೀರಿ. ಸಂಚಿಕೆ ಅಚ್ಚಾಗುವವರೆಗೆ ಕಾಯುವುದು ಬೇಡವೆಂದು ಇದರ ಪ್ರತಿಯನ್ನು ನಿಮ್ಮ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದ್ದೇನೆ.

– ಸಂ.