ಡಿಸೆಂಬರ್‌ನಲ್ಲಿ ಸ್ಕೀಯಿಂಗ್‌ಗೆ ದುಡ್ಡು ಕಟ್ಟುವ ಮುನ್ನ

ಚಳಿಗಾಲ ಶುರುವಾಗುವ ಹೊತ್ತಿನ ಹಿಮ ಮತ್ತು ಸ್ಕೀ ರೆಸಾರ್ಟ್‌ಗಳ ಬಗ್ಗೆ ಮೈಸೂರು, ಮಂಡ್ಯದ ಓದುಗರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಈ ಭಾಗದಿಂದ ಹಿಮಾಲಯಕ್ಕೆ ತಂಡಗಳನ್ನು ಕರೆದೊಯ್ಯುವ ಸ್ಕೀ ತರಬೇತುದಾರರು ಉತ್ತರಿಸಿದ್ದಾರೆ.

ಪ್ರಶ್ನೆ: ಮಗನಿಗೆ ಕ್ರಿಸ್‌ಮಸ್ ರಜೆ ಇದೆ. ಗುಲ್ಮಾರ್ಗ್‌ಗೆ ಹೋಗಿ ಸ್ಕೀಯಿಂಗ್ ಕಲಿಯೋಣ ಅಂತ ಆಸೆ. ‘ಗೊಂಡೊಲಾ ಓಡ್ತಾ ಇದೆ, ಎಲ್ಲಾ ಓಪನ್ ಇದೆ’ ಅಂತ ಟ್ರಾವೆಲ್ಸ್‌ನವರು ಹೇಳುತ್ತಿದ್ದಾರೆ. ಈಗಲೇ ಪೂರ್ತಿ ದುಡ್ಡು ಕಟ್ಟಬಹುದಾ ಸರ್? – ಸರಸ್ವತಿಪುರಂ, ಮೈಸೂರು

ಪೂರ್ತಿ ದುಡ್ಡು ಕಟ್ಟಬೇಡಿ. ಗೊಂಡೊಲಾ ಅಂದರೆ ಬೆಟ್ಟ ಹತ್ತಿಸುವ ಕೇಬಲ್ ಕಾರ್, ಅದು ಬೇಸಿಗೆಯಲ್ಲೂ ಓಡುತ್ತದೆ. ಅದು ಓಡುತ್ತಿದೆ ಎಂದರೆ ಕೆಳಗೆ ಹಿಮ ಇದೆ ಎಂದಲ್ಲ. ನೀವು ಕೇಳಬೇಕಾದ್ದು ಒಂದೇ ಮಾತು: ಹೊಸಬರು ಕಲಿಯುವ ಕೆಳಗಿನ ಬಯಲಿನಲ್ಲಿ ಇವತ್ತು ಎಷ್ಟು ಹಿಮ ನಿಂತಿದೆ?

ಗುಲ್ಮಾರ್ಗ್ ಬಯಲು ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೊಲಾದ ಮೊದಲ ಹಂತ ಕೊಂಗ್‌ಡೂರಿಗೆ ಹೋಗುತ್ತದೆ, ಅದು 3,000 ಮೀಟರ್ ದಾಟಿದ ಜಾಗ. ಎರಡನೇ ಹಂತ ಅಫರ್ವಾತ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರ್. ಸಾವಿರ ಮೀಟರ್ ಏರಿದರೆ ಆರೇಳು ಡಿಗ್ರಿ ತಂಪು ಜಾಸ್ತಿ. ಹಾಗಾಗಿ ಡಿಸೆಂಬರ್‌ನಲ್ಲಿ ಮೇಲೆ ಬೆಳ್ಳಗೆ ಹಿಮ ಇದ್ದು, ಕೆಳಗೆ ಒಣಹುಲ್ಲು ಕಾಣುವುದು ಮಾಮೂಲಿ. ಜಾಹೀರಾತಿನ ಫೋಟೊ ಮೇಲಿನದ್ದು. ನಿಮ್ಮ ಮಗ ಕಲಿಯಬೇಕಾದ್ದು ಕೆಳಗೆ.

ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನ ‘ಚಿಲ್ಲೈ ಕಲಾನ್’, ವರ್ಷದ ಅತಿ ಕೊರೆಯುವ ಚಳಿ. ಆ ಹೊತ್ತಿಗೆ ಹೋದರೆ ಹಿಮ ಗ್ಯಾರಂಟಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಬರೀ ಚಳಿಗೆ ಹಿಮ ಬೀಳುವುದಿಲ್ಲ, ತೇವಾಂಶವೂ ಬೇಕು. ಆ ತೇವಾಂಶವನ್ನು ಮೆಡಿಟರೇನಿಯನ್, ಕ್ಯಾಸ್ಪಿಯನ್ ಸಮುದ್ರಗಳ ಕಡೆಯಿಂದ ಹೊತ್ತು ತರುವುದು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂಬ ಮಾರುತಗಳು. ಅವು ಬಲವಾಗಿ ಬಂದರೆ ಎರಡೇ ದಿನದಲ್ಲಿ ಬೆಟ್ಟ ಬೆಳ್ಳಗಾಗುತ್ತದೆ. ಬರದಿದ್ದರೆ ರಾತ್ರಿ ಕೊರೆಯುವ ಚಳಿ, ಹಗಲು ನೀಲಿ ಆಕಾಶ, ನೆಲ ಮಾತ್ರ ಒಣಗಿಯೇ ಇರುತ್ತದೆ.

2024ರ ಜನವರಿಯಲ್ಲಿ ಹೀಗೇ ಆಯಿತು. ತಿಂಗಳು ಮುಗಿಯುತ್ತಾ ಬಂದರೂ ಗುಲ್ಮಾರ್ಗ್ ಬಯಲಿನಲ್ಲಿ ಹುಲ್ಲೇ ಕಾಣುತ್ತಿತ್ತು. ಕೊನೆಗೆ ಹಿಮ ಬಿತ್ತು, ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಫೆಬ್ರವರಿ 21ರಿಂದ ನಡೆಯಿತು. ಮರುವರ್ಷ ಅದೇ ಕೂಟವನ್ನು ಹಿಮ ಸಾಲದೆ ಫೆಬ್ರವರಿಯಿಂದ ಮಾರ್ಚ್ 9ಕ್ಕೆ ಮುಂದೂಡಿದರು. ಸರ್ಕಾರದ ಕ್ರೀಡಾಕೂಟವೇ ಹಿಮಕ್ಕಾಗಿ ಕಾಯಬೇಕಾಯಿತು ಎಂದಮೇಲೆ ಡಿಸೆಂಬರ್ 25ಕ್ಕೆ ಯಾರೂ ನಿಮಗೆ ಮಾತು ಕೊಡಲಾರರು.

ನನ್ನ ಸಲಹೆ ಇಷ್ಟು. ಕಲಿಯುವುದೇ ಉದ್ದೇಶವಾದರೆ ಜನವರಿ ಕೊನೆಯ ವಾರದಿಂದ ಫೆಬ್ರವರಿ ಮುಗಿಯುವವರೆಗಿನ ಯಾವುದಾದರೂ ವಾರ ಆರಿಸಿಕೊಳ್ಳಿ. ಶಾಲೆಯಲ್ಲಿ ರಜೆ ಕೇಳಿ. ತಪ್ಪಿದ ಪಾಠವನ್ನು ಮನೆಯಲ್ಲಿ ಹೇಳಿಕೊಡಬಹುದು, ಇಲ್ಲದ ಹಿಮವನ್ನು ಯಾರೂ ತಂದುಕೊಡಲಾರರು. ಡಿಸೆಂಬರ್‌ನಲ್ಲೇ ಹೋಗಬೇಕು ಎಂದಿದ್ದರೆ ಪ್ರವಾಸ ಅಂತ ಹೋಗಿ. ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ಕೋಣೆಯನ್ನೇ ಹಿಡಿಯಿರಿ. ಹಿಮ ಸಿಕ್ಕರೆ ಅಲ್ಲೇ ಒಬ್ಬ ತರಬೇತುದಾರರನ್ನು ಹಿಡಿದು ಎರಡು ದಿನ ಕಲಿಯಬಹುದು.

ಪ್ರಶ್ನೆ: ರೆಸಾರ್ಟ್‌ನ ಹಿಮ ವರದಿಯಲ್ಲಿ ‘ಬೇಸ್ 30 ಸೆಂ.ಮೀ., ಹೊಸ ಹಿಮ 20 ಸೆಂ.ಮೀ.’ ಅಂತ ಇತ್ತು. ಒಂದೇ ರಾತ್ರಿ 20 ಸೆಂ.ಮೀ. ಬಿದ್ದಿದೆಯಲ್ಲ, ಒಳ್ಳೆಯದೇ ಅಲ್ವಾ? ಇದನ್ನು ಓದುವುದು ಹೇಗೆ? – ಮಂಡ್ಯ

ಮಂಡ್ಯದವರಿಗೆ ಇದನ್ನು ವಿವರಿಸುವುದು ಸುಲಭ. ಕೆಆರ್‌ಎಸ್‌ಗೆ ಒಂದು ದಿನ ಒಳಹರಿವು ಜೋರಾಗಿ ಬಂತು ಅಂದ ಮಾತ್ರಕ್ಕೆ ನೀವು ಭತ್ತದ ನಾಟಿಗೆ ಇಳಿಯುವುದಿಲ್ಲ. 124.80 ಅಡಿ ತುಂಬಲು ಇನ್ನೆಷ್ಟು ಬಾಕಿ ಅಂತ ನೋಡುತ್ತೀರಿ. ಹೊಸ ಹಿಮ ಅಂದರೆ ಒಳಹರಿವು. ಬೇಸ್, ಅಂದರೆ ನೆಲದ ಮೇಲೆ ನಿಂತಿರುವ ಒಟ್ಟು ಹಿಮ, ಅಣೆಕಟ್ಟೆಯ ಮಟ್ಟ ಇದ್ದ ಹಾಗೆ. ಸೀಸನ್ ಶುರುವಿನಲ್ಲಿ ನೋಡಬೇಕಾದ್ದು ಬೇಸ್.

ಆಗಷ್ಟೇ ಬಿದ್ದ ಒಣ ಹಿಮದಲ್ಲಿ ಗಾಳಿಯೇ ಜಾಸ್ತಿ. ಹತ್ತು ಸೆಂಟಿಮೀಟರ್ ಹಿಮ ಕರಗಿಸಿದರೆ ಸುಮಾರು ಒಂದು ಸೆಂಟಿಮೀಟರ್ ನೀರು ಸಿಗುತ್ತದೆ, ಅಷ್ಟೇ. ಆ 20 ಸೆಂಟಿಮೀಟರ್ ಎರಡು ದಿನದಲ್ಲಿ ತನ್ನ ಭಾರಕ್ಕೆ ತಾನೇ ಕುಸಿದು ಅರ್ಧಕ್ಕೆ ಇಳಿಯಬಹುದು. ಜೊತೆಗೆ ವರ್ಷದ ಮೊದಲ ಹಿಮ ಬೀಳುವಾಗ ನೆಲದಲ್ಲಿ ಇನ್ನೂ ಬಿಸಿ ಉಳಿದಿರುತ್ತದೆ. ಮೇಲೆ ಬಿಸಿಲು, ಕೆಳಗೆ ನೆಲದ ಬಿಸಿ, ಎರಡೂ ಸೇರಿ ಅದನ್ನು ಕರಗಿಸುತ್ತವೆ.

ಕಣ್ಣಿಗೆ ಮಾತ್ರ ಎಲ್ಲ ಒಂದೇ ಥರ ಬೆಳ್ಳಗೆ ಕಾಣುತ್ತದೆ. ಅದಕ್ಕೇ ನಾನು ಹೊಸ ಇಳಿಜಾರಿಗೆ ಬಂದ ಕೂಡಲೇ ಕೈಯಲ್ಲಿರುವ ಸ್ಕೀ ಕೋಲನ್ನು ಅಲ್ಲಲ್ಲಿ ಚುಚ್ಚಿ ನೋಡುತ್ತೇನೆ. ಸೀಸನ್ ಶುರುವಿನಲ್ಲಿ ಕೋಲು ಸಲೀಸಾಗಿ ಒಳಗೆ ಇಳಿದು, ‘ಟಕ್’ ಅಂತ ಕಲ್ಲಿಗೆ ತಾಗುತ್ತದೆ. ಅರ್ಧ ಅಡಿ ಪಕ್ಕಕ್ಕೆ ಚುಚ್ಚಿದರೆ ಮೆತ್ತಗೆ ಹುಲ್ಲು. ಇನ್ನೊಂದು ಕಡೆ ಮರದ ಬೇರು. ಆ ಕಲ್ಲಿನ ಮೇಲೆ ಸ್ಕೀ ಹಾದುಹೋದರೆ ತಳದ ಪ್ಲಾಸ್ಟಿಕ್‌ನಲ್ಲಿ ಉದ್ದಕ್ಕೂ ಗೀರು ಬೀಳುತ್ತದೆ, ಅಂಚಿನ ಉಕ್ಕಿನ ಪಟ್ಟಿ ಮುಕ್ಕಾಗುತ್ತದೆ. ಬಾಡಿಗೆ ಸ್ಕೀ ಆದರೆ ಅಂಗಡಿಯವರು ಅದರ ದುಡ್ಡು ಕೇಳುತ್ತಾರೆ. ಅದಾದರೂ ಹೋಗಲಿ. ಸ್ಕೀ ಕಲ್ಲಿಗೆ ಸಿಕ್ಕಿ ಗಕ್ಕನೆ ನಿಂತಾಗ ಮೈ ಮುಂದಕ್ಕೆ ಹೋಗುತ್ತದೆ, ಮೊಣಕಾಲು ತಿರುಚುತ್ತದೆ. ನನಗೆ ಹೆದರಿಕೆ ಅದರದ್ದು.

ಎಷ್ಟು ಬೇಸ್ ಇದ್ದರೆ ಸಾಕು ಅನ್ನುವುದು ಕೆಳಗೆ ಏನಿದೆ ಎನ್ನುವುದರ ಮೇಲೆ ನಿಂತಿದೆ. ಹುಲ್ಲಿನ ಬಯಲಾದರೆ ಚೆನ್ನಾಗಿ ತುಳಿದು ಗಟ್ಟಿಯಾದ 30–40 ಸೆಂಟಿಮೀಟರ್‌ನಲ್ಲಿ ಹೊಸಬರು ಕಲಿಯಬಹುದು. ಕಲ್ಲು ಬಂಡೆಯ ಇಳಿಜಾರಿಗೆ ಒಂದು ಮೀಟರ್, ಅದಕ್ಕಿಂತ ಜಾಸ್ತಿ ಇದ್ದರೇ ಒಳ್ಳೆಯದು. ವರದಿಯ ಅಂಕಿಯನ್ನು ಎಲ್ಲಿ ಅಳೆದರು ಅಂತಲೂ ಕೇಳಿ, ಬೆಟ್ಟದ ತುದಿಯಲ್ಲೋ ಬುಡದಲ್ಲೋ. ‘ಓಪನ್’ ಅಂತ ಬರೆದಿದ್ದರೆ ಎಷ್ಟು ಇಳಿಜಾರುಗಳು ತೆರೆದಿವೆ ಅಂತ ಕೇಳಿ. ನೂರರಲ್ಲಿ ಒಂದೇ ಒಂದು ತೆರೆದಿದ್ದರೂ ರೆಸಾರ್ಟ್ ‘ಓಪನ್’ ಅಂತಲೇ ಹಾಕುತ್ತಾರೆ.

ಪ್ರಶ್ನೆ: ದಸರಾ ರಜೆಯಲ್ಲಿ ಎಲ್ಲಾದರೂ ಸ್ಕೀ ಮಾಡಲು ಆಗುತ್ತದಾ? – ಶ್ರೀರಂಗಪಟ್ಟಣ

ನಮ್ಮ ದೇಶದಲ್ಲಿ ಆಗುವುದಿಲ್ಲ. ಅಕ್ಟೋಬರ್‌ನಲ್ಲಿ ಹಿಮಾಲಯದ ಎತ್ತರದ ಕಣಿವೆಗಳಲ್ಲಿ ಒಂದೊಂದು ಸಲ ಹಿಮ ಬೀಳುತ್ತದೆ, ನಿಲ್ಲುವುದಿಲ್ಲ. ಆಗ ಸ್ಕೀ ಸಿಗುವುದು ಯುರೋಪಿನ ಹಿಮನದಿಗಳ ಮೇಲೆ. ಆಸ್ಟ್ರಿಯಾದ ಹಿಂಟರ್‌ಟುಕ್ಸ್, ಸ್ವಿಟ್ಜರ್‌ಲೆಂಡ್‌ನ ಝೆರ್ಮಾಟ್‌ನಲ್ಲಿ ಹೆಚ್ಚುಕಮ್ಮಿ ವರ್ಷವಿಡೀ ಸ್ಕೀಯಿಂಗ್ ಇದೆ. ಆಸ್ಟ್ರಿಯಾದ ಸೋಲ್ಡೆನ್‌ನಲ್ಲಿ ಅಕ್ಟೋಬರ್ ಕೊನೆಗೆ ವಿಶ್ವಕಪ್‌ನ ಮೊದಲ ರೇಸ್ ನಡೆಯುವುದೂ ಹಿಮನದಿಯ ಮೇಲೆಯೇ. ಮೊದಲ ಸಲ ಕಲಿಯುವವರು ಅಷ್ಟು ಖರ್ಚು ಮಾಡಿ ಅಲ್ಲಿಗೆ ಹೋಗುವ ಅಗತ್ಯ ಇಲ್ಲ. ಮನೆಯಲ್ಲೇ ಇದ್ದು ಜಂಬೂಸವಾರಿ ನೋಡಿ, ಫೆಬ್ರವರಿಗೆ ದುಡ್ಡು ಉಳಿಸಿ.

ಪ್ರಶ್ನೆ: ಮಗಳು ಡೆನ್ವರ್‌ನಲ್ಲಿದ್ದಾಳೆ. ನವೆಂಬರ್‌ನಲ್ಲಿ ನಾವು ಹೋಗುತ್ತೇವೆ. ಊರಲ್ಲಿ ಹಿಮವೇ ಬಿದ್ದಿಲ್ಲ, ಆದರೂ ಅಕ್ಟೋಬರ್‌ನಲ್ಲೇ ರೆಸಾರ್ಟ್ ತೆರೆದರು ಅಂತಾಳೆ. ಹೇಗೆ? – ಕುವೆಂಪುನಗರ, ಮೈಸೂರು

ಹಿಮವನ್ನು ಅಲ್ಲೇ ತಯಾರಿಸುತ್ತಾರೆ. ಯಂತ್ರದಿಂದ ನೀರನ್ನು ತೀರಾ ಸಣ್ಣ ಹನಿಗಳಾಗಿ ಗಾಳಿಗೆ ಎರಚುತ್ತಾರೆ, ನೆಲ ಮುಟ್ಟುವಷ್ಟರಲ್ಲಿ ಹನಿ ಹೆಪ್ಪುಗಟ್ಟುತ್ತದೆ. ಇದಕ್ಕೆ ಚಳಿಯ ಜೊತೆ ಒಣ ಗಾಳಿಯೂ ಬೇಕು. ಗಾಳಿ ಒಣಗಿದ್ದಷ್ಟೂ ಹನಿ ಬೇಗ ತಣ್ಣಗಾಗುತ್ತದೆ. ಡೆನ್ವರ್ ಹತ್ತಿರದ ಅರಾಪಾಹೋ ಬೇಸಿನ್‌ನ ಬುಡವೇ ಸುಮಾರು 3,280 ಮೀಟರ್ ಎತ್ತರದಲ್ಲಿದೆ. ಅಷ್ಟೆತ್ತರದಲ್ಲಿ ಅಕ್ಟೋಬರ್ ರಾತ್ರಿಗಳು ಸಾಕಷ್ಟು ತಣ್ಣಗಿರುತ್ತವೆ, ಗಾಳಿಯೂ ಒಣದು. ಅದಕ್ಕೇ ಅಮೆರಿಕದಲ್ಲಿ ಎಲ್ಲರಿಗಿಂತ ಮೊದಲು ತೆರೆಯುವ ಪೈಪೋಟಿಯಲ್ಲಿ ಅದರ ಹೆಸರು ಇದ್ದೇ ಇರುತ್ತದೆ. ಫಿನ್‌ಲೆಂಡ್‌ನಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ. ರುಕಾ, ಲೆವಿ ರೆಸಾರ್ಟ್‌ಗಳವರು ಹಿಂದಿನ ಚಳಿಗಾಲದ ಹಿಮವನ್ನು ರಾಶಿ ಹಾಕಿ, ಬಿಸಿ ತಾಗದಂತೆ ಮುಚ್ಚಿ ಬೇಸಿಗೆ ಪೂರ್ತಿ ಕಾಪಾಡುತ್ತಾರೆ. ಶರತ್ಕಾಲದಲ್ಲಿ ಅದನ್ನೇ ಇಳಿಜಾರಿಗೆ ಹರಡುತ್ತಾರೆ.

ಯಂತ್ರದ ಹಿಮ ಗಟ್ಟಿ, ಬೇಗ ಕರಗುವುದಿಲ್ಲ. ಆದರೆ ಸೀಸನ್ ಶುರುವಿನಲ್ಲಿ ಅದು ಒಂದೇ ಪಟ್ಟಿಯಷ್ಟು ಇರುತ್ತದೆ. ಅದರ ಎರಡೂ ಪಕ್ಕ ಕಲ್ಲು ಮಣ್ಣು. ಇರುವವರೆಲ್ಲ ಆ ಪಟ್ಟಿಯಲ್ಲೇ ಇಳಿಯುತ್ತಾರೆ, ಬಿರುಗಾಳಿಯ ಹಾಗೆ ಬರುವವರೂ, ನಿಲ್ಲಲು ಬಾರದವರೂ. ನೀವು ಹೊಸಬರಾದರೆ ‘ಕಲಿಯುವವರ ಲಿಫ್ಟ್ ಶುರುವಾಗಿದೆಯಾ?’ ಅಂತ ಮಗಳಿಗೆ ಫೋನ್ ಮಾಡಿ ವಿಚಾರಿಸಲು ಹೇಳಿ. ಇಲ್ಲ ಅಂದರೆ ಸುಮ್ನೆ ನೋಡಿಕೊಂಡು, ಕಾಫಿ ಕುಡಿದು ಬನ್ನಿ.

ಪ್ರಶ್ನೆ: ನಾವು ಇಂಜಿನಿಯರಿಂಗ್ ಕಾಲೇಜಿನ ಗೆಳೆಯರು. ಎರಡು ಸಲ ಸ್ಕೀ ಮಾಡಿದ್ದೇವೆ. ಸೀಸನ್ ಶುರುವಿನಲ್ಲಿ ಜನ ಕಮ್ಮಿ ಅಂತ ಅಫರ್ವಾತ್ ಮೇಲಿಂದ ನಾವೇ ಇಳಿಯೋಣ ಅಂತಿದ್ದೇವೆ. ಹಿಮ ಕಮ್ಮಿ ಇದ್ದಾಗ ಹಿಮಕುಸಿತದ ಅಪಾಯವೂ ಕಮ್ಮಿ ಅಲ್ವಾ ಸರ್? – ಮೈಸೂರು

ಅಲ್ಲ. ದಯವಿಟ್ಟು ಇದನ್ನು ಪೂರ್ತಿ ಓದಿ.

ನೆಲಕ್ಕೆ ತಾಗಿದ ಹಿಮ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ರಾತ್ರಿ ಮೇಲ್ಮೈ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಕ್ಕೆ ಹೋಗುತ್ತದೆ. ಹಿಮ ಎರಡು ಮೀಟರ್ ದಪ್ಪ ಇದ್ದರೆ ಈ ವ್ಯತ್ಯಾಸ ಅಷ್ಟುದ್ದಕ್ಕೂ ಹಂಚಿಹೋಗುತ್ತದೆ. ಮೂವತ್ತೇ ಸೆಂಟಿಮೀಟರ್ ಇದ್ದರೆ ಅಷ್ಟರಲ್ಲೇ ಅಷ್ಟೂ ವ್ಯತ್ಯಾಸ. ಆಗ ಕೆಳಗಿನ ಹಿಮದಿಂದ ಆವಿ ಮೇಲಕ್ಕೆ ಏರುತ್ತಾ, ಬುಡದ ಕಣಗಳು ಒಂದಕ್ಕೊಂದು ಅಂಟದ ಹರಳುಗಳಾಗುತ್ತವೆ. ಗುಂಡಿ ತೋಡಿ, ಕೈಗವಸು ಬಿಚ್ಚಿ, ಬುಡದ ಹಿಮವನ್ನು ಅಂಗೈಗೆ ಹಾಕಿಕೊಳ್ಳಿ. ಒತ್ತಿದರೆ ಉಂಡೆ ಆಗುವುದಿಲ್ಲ. ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ಒಂದೊಂದು ಹರಳಿನ ಮೂಲೆಯೂ ಕಣ್ಣಿಗೆ ಕಾಣುತ್ತದೆ.

ಇಂಥ ಪದರದ ಮೇಲೆ ಮುಂದೆ ಒಂದು ದೊಡ್ಡ ಹಿಮ ಬಿದ್ದರೆ, ಆ ಭಾರವನ್ನು ಹೊರುವ ತಳವೇ ಇಲ್ಲ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬ ಸ್ಕೀಯರ್‌ನ ತೂಕ ಸಾಕು, ಮೇಲಿನ ಹಾಸು ಹಾಸೇ ಜಾರುತ್ತದೆ. ಡಿಸೆಂಬರ್‌ನ ತೆಳು ಹಿಮ ಜನವರಿ, ಫೆಬ್ರವರಿಯಲ್ಲೂ ಅಡಿಯಲ್ಲಿ ಹಾಗೇ ಕೂತಿರುತ್ತದೆ. 2023ರ ಫೆಬ್ರವರಿ 1ರಂದು ಅಫರ್ವಾತ್‌ನ ಹಾಪತ್‌ಖುಡ್‌ನಲ್ಲಿ ಹಿಮ ಕುಸಿದು ಪೋಲೆಂಡ್‌ನ ಇಬ್ಬರು ಸ್ಕೀಯರ್‌ಗಳು ಸತ್ತರು. 2024ರ ಫೆಬ್ರವರಿ 22ರಂದು ಗುಲ್ಮಾರ್ಗ್‌ನಲ್ಲೇ ರಷ್ಯಾದ ಒಬ್ಬರು ಸತ್ತರು. ಬೆಟ್ಟಗಳಲ್ಲಿ ಸ್ಕೀ ಮಾಡಲೆಂದೇ ಅಷ್ಟು ದೂರದಿಂದ ಬಂದವರು ಅವರು.

ಸೀಸನ್ ಶುರುವಿನಲ್ಲಿ ಕಲ್ಲು ಬೇರೆ ಇರುತ್ತವೆ. ತೆಳ್ಳನೆ ಹಿಮ ಮುಚ್ಚಿದ ಹಳ್ಳಗಳು ಇರುತ್ತವೆ. ಮೈಸೂರಿನ 770 ಮೀಟರ್‌ನಿಂದ ಹೊರಟು ಮರುದಿನವೇ 3,950 ಮೀಟರ್‌ನಲ್ಲಿ ನಿಂತರೆ ತಲೆನೋವು, ವಾಕರಿಕೆ ಬರುವುದೂ ಉಂಟು. ಆ ಸ್ಥಿತಿಯಲ್ಲಿ ಯಾರಿಗೂ ಸರಿಯಾಗಿ ಯೋಚಿಸಲು ಆಗುವುದಿಲ್ಲ.

ಈ ವರ್ಷ ಗಸ್ತಿನವರು ಹಗ್ಗ ಕಟ್ಟಿ ತೆರೆದ ಜಾಗದಲ್ಲೇ ಇರಿ. ಅದರಾಚೆ ಹೋಗಲೇಬೇಕು ಅನ್ನಿಸಿದರೆ ಸ್ಥಳೀಯ ಗೈಡ್ ಇರಲೇಬೇಕು. ಪ್ರತಿಯೊಬ್ಬರ ಹತ್ತಿರವೂ ಹಿಮದಡಿ ಸಿಕ್ಕವರ ಜಾಗ ತೋರಿಸುವ ಟ್ರಾನ್ಸೀವರ್, ಸಲಿಕೆ, ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಕೋಲು ಇರಬೇಕು, ಬಳಸಿ ಅಭ್ಯಾಸವೂ ಆಗಿರಬೇಕು. ಹಿಮದಡಿ ಸಿಕ್ಕವರು ಬದುಕುವ ಅವಕಾಶ ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಜಾಸ್ತಿ, ಆಮೇಲೆ ಬೇಗ ಬೇಗ ಇಳಿಯುತ್ತದೆ. ಹೊರಗಿನಿಂದ ಸಹಾಯ ಬರುವಷ್ಟು ಹೊತ್ತು ಇರುವುದಿಲ್ಲ, ಪಕ್ಕದಲ್ಲಿರುವ ಗೆಳೆಯನೇ ತೋಡಿ ತೆಗೆಯಬೇಕು. ಡಿಆರ್‌ಡಿಒದ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಅದನ್ನು ನೋಡದೆ ಗೊಂಡೊಲಾದ ಎರಡನೇ ಹಂತದ ಟಿಕೆಟ್ ತೆಗೆಯಬೇಡಿ.

ಪ್ರಶ್ನೆ: ಸ್ಕೀ ಬಟ್ಟೆಯನ್ನು ಇಲ್ಲೇ ಕೊಂಡುಕೊಂಡು ಹೋಗಬೇಕಾ? – ಮದ್ದೂರು

ಬೇಡ. ಸ್ಕೀ, ಬೂಟು, ಜಾಕೆಟ್, ಪ್ಯಾಂಟು ಎಲ್ಲ ಗುಲ್ಮಾರ್ಗ್‌ನಲ್ಲೂ ಮನಾಲಿಯಲ್ಲೂ ಬಾಡಿಗೆಗೆ ಸಿಗುತ್ತವೆ. ಒಳಗೆ ಹಾಕುವ ಥರ್ಮಲ್, ಎರಡು ಮೂರು ಜೊತೆ ಉಣ್ಣೆಯ ಕಾಲುಚೀಲ, ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ನಿಮ್ಮದೇ ಇರಲಿ. ಜೀನ್ಸ್ ಮಾತ್ರ ಹಾಕಬೇಡಿ, ಒಂದು ಸಲ ಬಿದ್ದರೆ ನೆನೆದು ದಿನವಿಡೀ ಒಣಗುವುದಿಲ್ಲ. ಹೆಲ್ಮೆಟ್ ಕೇಳಿ ಪಡೆಯಿರಿ, ತಲೆಗೆ ಸರಿಯಾಗಿ ಕೂರದಿದ್ದರೆ ಬೇರೆಯದು ಕೊಡಿ ಅಂತ ಹೇಳಿ. ಶ್ರೀನಗರದಿಂದ ಟ್ಯಾಕ್ಸಿ ಮಾಡುವಾಗ, ಗುಲ್ಮಾರ್ಗ್‌ನ ಬುಡದಲ್ಲಿರುವ ಟಾಂಗ್‌ಮಾರ್ಗ್‌ನಿಂದ ಮೇಲಕ್ಕೆ ಹೋಗಲು ಟೈರಿಗೆ ಸರಪಳಿ ಇದೆಯಾ ಅಂತ ಮೊದಲೇ ಕೇಳಿ. ಹಿಮ ಬಿದ್ದ ದಿನ ಸರಪಳಿ ಇಲ್ಲದ ಗಾಡಿಯನ್ನು ಅಲ್ಲೇ ತಡೆಯುತ್ತಾರೆ.